ಪೊರೆ ಬಿಡದ ಹಾವು
(ಬಾನುಲಿ ಭಾಷಣ)

ಶಿಕಾರಿಪುರ ತಾಲ್ಲೂಕಿನ ತಾಳಗುಂದ ದೊಡ್ಡ ಊರೇನೂ ಅಲ್ಲ. ಆದರೂ ಕನ್ನಡನಾಡಿನ ಚರಿತ್ರೆಯನ್ನು ಅಷ್ಟಿಷ್ಟು ಓದಿದವರಿಗೂ ಆ ಹೆಸರು ಗೊತ್ತು. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲುಕಂಬದ ಮೇಲೆ ಕುಬ್ಜನೆಂಬ ಕವಿಯ ಸಂಸ್ಕೃತ ಕಾವ್ಯವಿದೆ. ಮಯೂರಶರ್ಮನು ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆ ನಮಗೆ ದೊರೆತದ್ದು ಆ ಕಂಬದಿಂದ. 5ನೆಯ ಶತಮಾನದ ಆ ಶಾಸನ ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳುತ್ತದೆ: ಕಾಕುಸ್ಥವರ್ಮನು ಆ ದೇವಾಲಯದ ಬಳಿ ದೊಡ್ಡ ಕೆರೆಯೊಂದನ್ನು ತೋಡಿಸಿದನು. ಅರಸರ ಪರಾಕ್ರಮವನ್ನು ಹುಡುಕಿಕೊಂಡು ಹೋಗುವ ನಾವು ಈ ಕೆರೆಯ ಮಾತನ್ನು ಬೇಗನೆ ದಾಟಿಬಿಡುತ್ತೇವೆ. ಇಂದು ನಾನು ಆ ಕೆರೆಯನ್ನೇ ಹಿಡಿದು ಮಾತನಾಡಬೇಕಾಗಿದೆ. ಏಕೆಂದರೆ ನನ್ನ ವಿಷಯ ಹಾವಿನ ಪೊರೆ. ಅದರಲ್ಲೂ ಬಿಡಬೇಕಾದ ಹೊತ್ತಿಗೆ ಬಿಡದೆ, ಮೈಗೆ ಅಂಟಿಕೊಂಡು ಉಳಿದ ಪೊರೆ. ಹಾವಿನ ಪೊರೆಗೂ ಕೆರೆಗೂ ಏನು ನಂಟು ಎಂಬುದು ಮುಂದೆ ತಿಳಿದೀತು.

ಶಿಕಾರಿಪುರ, ಸೊರಬಗಳ ಸೀಮೆ ಮಲೆನಾಡಿನ ಸೆರಗು. ಆಗುಂಬೆ ಇರುವುದೂ ಇದೇ ಶಿವಮೊಗ್ಗ ಜಿಲ್ಲೆಯಲ್ಲಿಯೇ. ಆದರೆ ಆಗುಂಬೆಯ ಕಾಡಿನ ತೇವ ಇಲ್ಲಿ ವರ್ಷದುದ್ದಕ್ಕೂ ಇರುವಂಥದಲ್ಲ. ಮಳೆಗಾಲದಲ್ಲಿ ಹಸಿರಾಗಿ ತುಂಬಿ ನಿಂತ ನೆಲ ಬೇಸಗೆ ಬಂತೆಂದರೆ ಗಟ್ಟಿಯಾಗಿ ಬಿರಿಯುತ್ತದೆ. ಇಲ್ಲಿನ ಹಳೆಯ ಗುಡಿಗಳ ಪೌಳಿ, ಕೆರೆಯ ಏರಿ, ಅಶ್ವತ್ಥಕಟ್ಟೆ, ಇವುಗಳ ಕಲ್ಲುಸಂದಿಯಲ್ಲಿ ಸಿಕ್ಕಿಕೊಂಡು ಗಾಳಿಗೆ ಅಲುಗಾಡುವ ಪೊರೆಯನ್ನು ಕಾಣದ ಹಳ್ಳಿಯ ಹುಡುಗರಿಲ್ಲ. ದೊಡ್ಡವರು ‘ಮುಟ್ಟಬೇಡ’ ಎಂದು ಗದರಿಸುತ್ತಾರೆ. ಕೆಲವರು ಅದನ್ನೇ ಮಡಿಸಿ ದುಡ್ಡಿನ ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾರೆ. ಪೊರೆಯಲ್ಲಿ ವಿಷವಿಲ್ಲ. ಅದು ದುಡ್ಡನ್ನು ಹೆಚ್ಚಿಸಿದ್ದನ್ನೂ ನಾನು ಕಂಡಿಲ್ಲ.

ಕನ್ನಡದಲ್ಲಿ ಪೊರೆ ಎಂಬ ಮಾತಿಗೆ ಎರಡು ಬಳಕೆಗಳುಂಟು. ಪೊರೆಯುವುದೆಂದರೆ ಕಾಪಾಡುವುದು, ಪೊರೆಯೆಂದರೆ ಮೇಲಿನ ತೆಳುವಾದ ಪದರ. ಮುದುಕರ ಕಣ್ಣಿಗೆ ಬರುವುದೂ ಪೊರೆ, ಹಾವು ಬಿಡುವುದೂ ಪೊರೆ. ಹಾವಿನ ಮಟ್ಟಿಗೆ ಈ ಅರ್ಥಗಳೆಲ್ಲ ಒಂದೇ ಕಡೆ ಕೂಡಿಕೊಂಡಿವೆ. ಅದರ ಹೊರಚರ್ಮ ಮೈಯನ್ನು ಕಾಯುವ ಕವಚ. ಆ ಕವಚ ಕಳಚುವ ಕಾಲ ಹತ್ತಿರವಾದಾಗ ಅದರ ಕಣ್ಣಿಗೆ ನಿಜವಾಗಿಯೇ ಪೊರೆ ಬರುತ್ತದೆ. ‘ಪೊರೆ ಬಂದ ಹಾವಿಗೆ ಕಣ್ಣು ಕಾಣದು, ಹತ್ತಿರ ಹೋಗಬೇಡಿ’ ಎನ್ನುವ ಹಳ್ಳಿಯವರ ಮಾತು ಮೂಢನಂಬಿಕೆಯಲ್ಲ. ನೋಡಿ ತಿಳಿದವರ ಮಾತು.

ಇದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮೈಯ ಚರ್ಮವೂ ದಿನದಿನವೂ ಸವೆದು, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಉದುರುತ್ತಲೇ ಇರುತ್ತದೆ. ಹಾವು ಹಾಗಲ್ಲ, ಅದು ಲೆಕ್ಕವನ್ನೆಲ್ಲ ಕೂಡಿಟ್ಟು ಒಮ್ಮೆಗೇ ತೀರಿಸುತ್ತದೆ. ಅದರ ಮೈಮೇಲಿನ ಹುರುಪೆಗಳನ್ನು ನಾವು ಮೀನಿನ ಹುರುಪೆಗಳಂತೆ ಒಂದೊಂದಾಗಿ ನೆಟ್ಟವೆಂದು ತಿಳಿಯುತ್ತೇವೆ. ನಿಜಕ್ಕೂ ಅವು ಒಂದೇ ಹಾಳೆಯಲ್ಲಿ ಮೂಡಿದ ಮಡಿಕೆಗಳು. ಮಡಿಕೆಯ ಮೇಲ್ಭಾಗ ದಪ್ಪ, ನಡುವಿನ ಸಂದು ತೆಳು. ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಟಿನ್ ಎಂಬ ವಸ್ತುವಿನ ಜಾತಿಯದೇ ಅದರ ಹೊರಪದರದಲ್ಲೂ ಇದೆ. ಅದು ಸತ್ತ ಪದರ. ಒಳಗಿನ ಮೈ ಬೆಳೆದಂತೆ ಅದು ಬೆಳೆಯಲಾರದು, ಸವೆದರೆ ತಾನಾಗಿ ಕೂಡಿಕೊಳ್ಳಲಾರದು. ಆದುದರಿಂದ ಹಳೆಯ ಹಾಳೆಯ ಕೆಳಗೆ ಹೊಸ ಹಾಳೆಯೊಂದು ಪೂರ್ತಿಯಾಗಿ ಸಿದ್ಧವಾಗುತ್ತದೆ. ಅದು ಸಿದ್ಧವಾದ ಮೇಲೆ ಎರಡರ ನಡುವೆ ತೆಳುವಾದ ದ್ರವವೊಂದು ಸೇರಿಕೊಂಡು ಹಳೆಯದನ್ನು ಹೊಸದರಿಂದ ಬಿಡಿಸುತ್ತದೆ. ಇಡೀ ವ್ಯವಹಾರದ ಕೀಲು ಇರುವುದು ಈ ದ್ರವದಲ್ಲಿ.

ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಕನ್ನಡಕದ ಗಾಜಿನಂತೆ ಕೂತಿರುತ್ತದೆ. ಅದೂ ಚರ್ಮದ್ದೇ ಭಾಗವಾದ್ದರಿಂದ ಉಳಿದ ಮೈಯೊಡನೆ ಅದನ್ನೂ ಕಳಚಬೇಕು. ಪದರಗಳ ನಡುವೆ ದ್ರವ ಸೇರಿದಾಗ ಈ ಗಾಜು ಮಬ್ಬಾಗುತ್ತದೆ. ಕಣ್ಣು ಹಾಲಿಗೆ ನೀಲಿ ಬೆರೆಸಿದ ಬಣ್ಣ ತಾಳುತ್ತದೆ. ಮೈಯ ಬಣ್ಣವೂ ಮಂಕಾಗುತ್ತದೆ. ಹಾವು ಆಹಾರವನ್ನು ಬಿಟ್ಟು ಮೂಲೆ ಸೇರುತ್ತದೆ. ಕಾಣದ ಕಣ್ಣಿನ ಭಯದಿಂದ ಬೇಗ ಸಿಟ್ಟಾಗುತ್ತದೆ. ಕೆಲವು ದಿನ ಹೀಗೆ ಕಳೆದ ಮೇಲೆ ಇದ್ದಕ್ಕಿದ್ದಂತೆ ಕಣ್ಣು ತಿಳಿಯಾಗುತ್ತದೆ. ನೋಡಿದವರು ‘ಓ, ಹಾವು ಸರಿಹೋಯಿತು’ ಎಂದುಕೊಳ್ಳುತ್ತಾರೆ. ಪೊರೆ ಇನ್ನೂ ಮೈಮೇಲೆಯೇ ಇದೆ! ತಿಳಿಯಾದ ಕಣ್ಣು ಮುಗಿದುದರ ಗುರುತಲ್ಲ, ತೊಡಗುವುದರ ಗುರುತು. ಅಲ್ಲಿಂದ ಮತ್ತೆ ಕೆಲವು ದಿನಗಳಲ್ಲಿ ಹಾವು ಮೂತಿಯನ್ನು ಒರಟು ವಸ್ತುವಿಗೆ ಉಜ್ಜಿಕೊಂಡು ತುಟಿಯ ಅಂಚಿನಲ್ಲಿ ಪೊರೆಯನ್ನು ಬಿಡಿಸುತ್ತದೆ. ಹಾಗೆ ಬಿಟ್ಟ ಅಂಚು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಸಾಕು; ಹಾವು ಮುಂದಕ್ಕೆ ಹರಿಯುತ್ತದೆ, ಪೊರೆ ಕಾಲುಚೀಲವನ್ನು ಕಳಚಿದಂತೆ ಒಳಹೊರಗಾಗಿ ಹಿಂದೆ ಉಳಿಯುತ್ತದೆ. ಮೊದಲ ಮಬ್ಬಿನಿಂದ ಕೊನೆಯ ಬಾಲದ ತುದಿಯವರೆಗೆ ಒಂದರಿಂದ ಎರಡು ವಾರ ಹಿಡಿಯಬಹುದು. ಬೆಳೆಯುವ ಮರಿಗಳಲ್ಲಿ ಇದು ಅಡಿಗಡಿಗೆ ನಡೆಯುತ್ತದೆ; ದೊಡ್ಡ ಹಾವುಗಳಲ್ಲಿ ವರ್ಷಕ್ಕೆ ಕೆಲವೇ ಸಲ.

ಬಿಟ್ಟ ಪೊರೆಯನ್ನು ಓದಲು ಕಲಿಯುವುದು ಒಂದು ಸೊಗಸಾದ ವಿದ್ಯೆ. ಶಾಸನವನ್ನು ಓದುವವರಿಗೆ ಇದು ಹಿಡಿಸೀತು. ಒಳಹೊರಗಾಗಿ ಕಳಚುವುದರಿಂದ ಪೊರೆಯ ತಲೆ ಹಾವು ಹೊರಟ ಜಾಗದಲ್ಲಿಯೂ, ಬಾಲ ಹಾವು ಹೋದ ದಿಕ್ಕಿನಲ್ಲಿಯೂ ಬಿದ್ದಿರುತ್ತದೆ. ‘ತಲೆ ಈ ಕಡೆ ಇದೆ, ಹಾವು ಈ ಕಡೆಯೇ ಹೋಗಿದೆ’ ಎಂದು ಊಹಿಸಿ ಹುಡುಕುವವರು ತಿರುಗಿ ಉಲ್ಟಾ ದಿಕ್ಕಿಗೆ ಹೊರಡುತ್ತಾರೆ. ಮಡಿಕೆಗಳ ನಡುವಿನ ತೆಳು ಚರ್ಮ ಬಿಚ್ಚಿಕೊಂಡು ಜಗ್ಗುವುದರಿಂದ ಪೊರೆ ಯಾವಾಗಲೂ ಹಾವಿಗಿಂತ ಉದ್ದ. ಏಳಡಿಯ ಪೊರೆ ಕಂಡು ಏಳಡಿಯ ಹಾವನ್ನು ಕಂಡಂತೆ ವರ್ಣಿಸುವವರ ಮಾತಿನಿಂದ ಒಂದಡಿಯನ್ನಾದರೂ ಧಾರಾಳವಾಗಿ ಕಳೆಯಬಹುದು. ಬಣ್ಣ ಹೆಚ್ಚಾಗಿ ಒಳಗಿನ ಜೀವಂತ ಚರ್ಮದಲ್ಲಿಯೇ ಉಳಿಯುವುದರಿಂದ ಪೊರೆ ಬಹುಮಟ್ಟಿಗೆ ಬಣ್ಣಗೇಡಿ. ನಾಗರದ ಹೆಡೆಯ ಗುರುತಿನಂಥ ಕಡುಬಣ್ಣಗಳ ನೆರಳು ಮಾತ್ರ ಕೆಲವೊಮ್ಮೆ ಮಸುಕಾಗಿ ಉಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ತಲೆಯ ಭಾಗದ ಎರಡು ಕಣ್ಣುಗಾಜುಗಳನ್ನು. ಕೈಗಡಿಯಾರದ ಗಾಜಿನಂತೆ ಉಬ್ಬಿದ ಎರಡು ಪುಟ್ಟ ಬಿಲ್ಲೆಗಳು ಪೊರೆಯಲ್ಲಿ ಇರಬೇಕು. ಅಲ್ಲಿ ತೂತು ಇದ್ದರೆ ಗಾಜು ಹಾವಿನ ಕಣ್ಣಿನ ಮೇಲೆಯೇ ಉಳಿದಿರಬಹುದು.

ಸುಖವಾಗಿರುವ ಹಾವಿನ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬರುತ್ತದೆ. ಚೂರುಚೂರಾಗಿ ಬಂದರೆ, ಮೈಮೇಲೆ ಅಲ್ಲಲ್ಲಿ ಹಳೆಯ ಕಾಗದ ಅಂಟಿದಂತೆ ತೇಪೆಗಳು ಉಳಿದರೆ, ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಮೈಮೇಲೆ ಹೇನಿನಂಥ ಉಣ್ಣಿಗಳು ಸೇರಿಕೊಂಡಿರಬಹುದು, ಹಳೆಯ ಗಾಯದ ಕಲೆಯ ಮೇಲೆ ಪದರ ಸರಿಯಾಗಿ ಬಿಡದಿರಬಹುದು, ಹೊಟ್ಟೆಗಿಲ್ಲದೆ ಸೊರಗಿರಬಹುದು, ಮೈ ಕಾಯಿಸಿಕೊಳ್ಳಲು ತಕ್ಕಷ್ಟು ಬಿಸಿ ಸಿಗದಿರಬಹುದು. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಒಂದೇ: ಒಣಗು. ಕುಡಿಯಲು ನೀರಿಲ್ಲದೆ ಮೈಯ ಒಳಗಿನ ಒಣಗು, ಇಲ್ಲವೆ ಸುತ್ತಣ ಗಾಳಿಯ ಒಣಗು. ಎರಡು ಹಾಳೆಗಳ ನಡುವೆ ಬರಬೇಕಾದ ಆ ದ್ರವ ಸಾಲದಾಗುತ್ತದೆ. ಹಳೆಯ ಹಾಳೆ ಗಟ್ಟಿಯಾಗಿ ಬಿರುಸಾಗಿ ಹೊಸದಕ್ಕೆ ಕಚ್ಚಿಕೊಳ್ಳುತ್ತದೆ.

ತಾಳಗುಂದದ ಕೆರೆಯ ಮಾತು ಇಲ್ಲಿಗೆ ಬಂದು ಸೇರುತ್ತದೆ. ಅಲ್ಲಿಗೆ ಸಮೀಪದ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಕದಂಬರಿಗಿಂತ ಹಿಂದಿನ, ಚುಟು ಮನೆತನದ ಅರಸರ ಕಾಲದ್ದು. ಅದರ ಮೇಲಿನ ಪ್ರಾಕೃತ ಬರಹ ರಾಜಕುಮಾರಿಯೊಬ್ಬಳ ದಾನವನ್ನು ಹೇಳುತ್ತದೆ. ನಟಕನೆಂಬ ಶಿಲ್ಪಿಯ ಹೆಸರನ್ನೂ ಹೇಳುತ್ತದೆ. ದಾನವೇನು? ಒಂದು ನಾಗ, ಒಂದು ಕೆರೆ, ಒಂದು ವಿಹಾರ. ನಾಗನನ್ನೂ ಕೆರೆಯನ್ನೂ ಒಂದೇ ಉಸಿರಿನಲ್ಲಿ ದಾನ ಮಾಡಿದ ಆ ಹೆಣ್ಣುಮಗಳು ಹಾವಿನ ಚರ್ಮಶಾಸ್ತ್ರವನ್ನು ಯೋಚಿಸಿ ಮಾಡಿದಳೆಂದು ನಾನು ಹೇಳುತ್ತಿಲ್ಲ. ಆದರೆ ಇಂದಿಗೂ ನಮ್ಮ ಊರುಗಳಲ್ಲಿ ನಾಗರಕಲ್ಲುಗಳನ್ನು ನಿಲ್ಲಿಸುವುದು ಕೆರೆಯ ದಂಡೆಯಲ್ಲಿ, ಅಶ್ವತ್ಥದ ನೆರಳಿನಲ್ಲಿ, ಹುತ್ತದ ಮಗ್ಗುಲಲ್ಲಿ. ಹಾವಿಗೆ ಬೇಕಾದ ಮೂರೂ ಅಲ್ಲಿ ಕೂಡಿವೆ: ಮೂತಿ ಉಜ್ಜಿಕೊಳ್ಳಲು ಒರಟು ಕಲ್ಲು, ಕುಡಿಯಲು ನೀರು, ಅಡಗಿ ಕೂರಲು ತೇವದ ಗೂಡು.

ಮೂರರಲ್ಲಿ ಹುತ್ತದ ಹಿರಿಮೆ ದೊಡ್ಡದು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆಯನ್ನು ನಾವು ಪರರ ದುಡಿಮೆಯನ್ನು ಕಬಳಿಸುವವರನ್ನು ಬಯ್ಯಲು ಬಳಸುತ್ತೇವೆ. ಹಾವಿನ ಕಡೆಯಿಂದ ನೋಡಿದರೆ ಅದು ಹುಡುಕಿ ಹಿಡಿದ ಮನೆ ಎಂಥದು! ಗೆದ್ದಲು ಹುತ್ತದೊಳಗೆ ಒಂದು ಬಗೆಯ ಅಣಬೆಯನ್ನು ಬೆಳೆಸುತ್ತದೆ. ಆ ಅಣಬೆಯ ತೋಟ ಒಣಗಿದರೆ ಗೆದ್ದಲ ಬದುಕೇ ಹೋಯಿತು. ಆದುದರಿಂದ ಅದು ಆಳದಿಂದ ತೇವವನ್ನು ತಂದು ಮಣ್ಣಿಗೆ ಸೇರಿಸುತ್ತದೆ. ಒಳಗಿನ ಗಾಳಿ ಹೊರಗೆ ಹೋಗಿ ಬರಲು ದಾರಿ ಬಿಡುತ್ತದೆ. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ತಂಪು, ತೇವ. ಆದರೂ ಕೊಳೆಯುವಷ್ಟು ಹಸಿಯಲ್ಲ. ಶಿಕಾರಿಪುರದ ಏಪ್ರಿಲ್ ತಿಂಗಳಲ್ಲಿ ಪೊರೆ ಬಂದ ನಾಗರಹಾವಿಗೆ ಇದಕ್ಕಿಂತ ಒಳ್ಳೆಯ ಸೂತಿಕಾಗೃಹ ಸಿಕ್ಕೀತೆ? ಬೃಹದಾರಣ್ಯಕ ಉಪನಿಷತ್ತಿನಲ್ಲಿ ದೇಹವನ್ನು ತೊರೆದ ಆತ್ಮವನ್ನು ಹೇಳುವಾಗ ಹುತ್ತದ ಮೇಲೆ ಬಿಸುಟ ಹಾವಿನ ಪೊರೆಯ ಹೋಲಿಕೆ ಬರುತ್ತದೆ. ಋಷಿಗಳು ತತ್ತ್ವವನ್ನು ಹೇಳಿದರು. ಪೊರೆ ಎಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ಸರಿಯಾಗಿ ನೋಡಿಯೇ ಹೇಳಿದರು.

ಇನ್ನು ಹಾವನ್ನು ಈ ಮೂರರಿಂದಲೂ ಕಿತ್ತು ತಂದು ಒಂದೆಡೆ ಮುಚ್ಚಿಟ್ಟರೆ ಏನಾಗುತ್ತದೆ? ಹಾವಾಡಿಗರ ಬಿದಿರ ಬುಟ್ಟಿಯನ್ನು ನೆನೆಯಿರಿ. ಅದರಲ್ಲಿ ನೀರು ನಿಲ್ಲದು, ತೇವ ಉಳಿಯದು. ನಾಗರಪಂಚಮಿಯ ದಿನ ಹಾವು ಹಾಲು ಕುಡಿಯಿತೆಂದು ನಾವು ಕೈಮುಗಿಯುತ್ತೇವೆ. ದಿನಗಟ್ಟಲೆ ನೀರು ಕಾಣದ ಪ್ರಾಣಿ ಮುಂದಿಟ್ಟ ದ್ರವಕ್ಕೆ ಬಾಯಿ ಹಾಕುತ್ತದೆ, ಅಷ್ಟೆ. ಕಲ್ಲನಾಗರಕ್ಕೆ ಒಂದು ನಡತೆ, ದಿಟದ ನಾಗರಕ್ಕೆ ಇನ್ನೊಂದು ನಡತೆ ಎಂಬುದನ್ನು ಬಸವಣ್ಣನವರು ಎತ್ತಿ ಆಡಿ ಎಂಟುನೂರು ವರ್ಷಗಳ ಮೇಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಾಗರವನ್ನಾಗಲಿ, ಕೇರೆಯನ್ನಾಗಲಿ, ಹೆಬ್ಬಾವನ್ನಾಗಲಿ, ‘ಎರಡು ತಲೆಯ ಹಾವು’ ಎಂದು ಕಳ್ಳಪೇಟೆಯಲ್ಲಿ ಕೂಗುಬೆಲೆಗೆ ಮಾರುವ ಮಣ್ಣುಮುಕ್ಕನನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ. ಇದು ಪೊರೆಯ ವಿಷಯಕ್ಕೂ ಸಲ್ಲುವ ಮಾತು. ಅಂಟಿದ ಪೊರೆಯ ಹಾವನ್ನು ಕಂಡು ಮರುಗಿ, ವಾಸಿ ಮಾಡಿ ಬಿಡುತ್ತೇನೆಂದು ಡಬ್ಬಿಯಲ್ಲಿ ಹಾಕಿ ಮನೆಗೆ ಒಯ್ಯುವುದೂ ಕಾಯಿದೆಗೆ ವಿರುದ್ಧವೇ.

ಹಾಗಾದರೆ ಸಾಕುಹಾವು ಎಂಬುದು ನಮ್ಮಲ್ಲಿ ಇಲ್ಲವೆ? ಉಂಟು. ಹೊರದೇಶದ ಹಾವುಗಳನ್ನು, ಮುಖ್ಯವಾಗಿ ಪಶ್ಚಿಮ ಆಫ್ರಿಕದ ಚೆಂಡು ಹೆಬ್ಬಾವು ಎನ್ನಬಹುದಾದ ಬಾಲ್ ಪೈಥಾನನ್ನು, ಅಮೆರಿಕದ ಕಾರ್ನ್ ಸ್ನೇಕನ್ನು ಬೆಂಗಳೂರಿನಂಥ ನಗರಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರಿದ್ದಾರೆ. ಬಾಲ್ ಪೈಥಾನಿನಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು 2022ರ ತಿದ್ದುಪಡಿ ಕಾಯಿದೆಯೊಳಗೆ ತಂದಿತು. 2024ರ ನಿಯಮಗಳು ಅವುಗಳ ನೋಂದಣಿಯನ್ನು ಕಡ್ಡಾಯ ಮಾಡಿದವು. ಕಾಯಿದೆ ಇದ್ದರೂ ಕಳ್ಳದಾರಿ ಮುಚ್ಚಿಲ್ಲ. 2024ರ ಏಪ್ರಿಲಿನಲ್ಲಿ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕವು. ನೀರಿನಲ್ಲಿ ಹುಟ್ಟಿ ನೀರಿನಲ್ಲಿ ಬಾಳುವ ಹಾವನ್ನು ಬಟ್ಟೆಯ ಗಂಟಿನಂತೆ ಪೆಟ್ಟಿಗೆಗೆ ತುರುಕಿ ತರುವ ಮನುಷ್ಯನ ವ್ಯಾಪಾರಬುದ್ಧಿಗೆ ಏನೆನ್ನೋಣ!

ನನಗೆ ಹಾವನ್ನು ಪೆಟ್ಟಿಗೆಯಲ್ಲಿಡುವುದು ಒಪ್ಪಿಗೆಯಾದ ಮಾತಲ್ಲ. ಆದರೆ ಇಟ್ಟವರ ಮನೆಯಲ್ಲಿ ಹಾವು ಕಷ್ಟಪಡುತ್ತಿರುವಾಗ ಅವರಿಗೆ ಉಪದೇಶ ಮಾಡಿ ಹಾವನ್ನು ಹಾಗೆಯೇ ಬಿಡುವುದೂ ಸರಿಯಲ್ಲ. ಮೃಗಾಲಯದಲ್ಲಿ, ರಕ್ಷಣಾಕೇಂದ್ರದಲ್ಲಿ ಹಾವುಗಳನ್ನು ನೋಡಿಕೊಳ್ಳುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಪೊರೆ ಅಂಟಿದೆ, ಏನು ಮಾಡಬೇಕು?

ಮೊದಲನೆಯದಾಗಿ, ಏನು ಮಾಡಬಾರದು ಎಂಬುದನ್ನೇ ಹೇಳುತ್ತೇನೆ. ಕಿತ್ತು ತೆಗೆಯಬಾರದು. ಮೈಮೇಲೆ ಎದ್ದುನಿಂತ ಪೊರೆಯ ಅಂಚನ್ನು ಕಂಡರೆ ಮನುಷ್ಯನ ಬೆರಳು ಸುಮ್ಮನಿರದು; ಗಾಯದ ಹಕ್ಕಳೆಯನ್ನು ಕೀಳುವ ಚಪಲವೇ ಇದು. ಕೆಳಗಿನ ಹೊಸ ಪದರ ಇನ್ನೂ ಎಳೆಯದು. ಒಣಗಿ ಕಚ್ಚಿಕೊಂಡ ಪೊರೆಯನ್ನು ಎಳೆದರೆ ಅದರೊಡನೆ ಹೊಸ ಚರ್ಮವೂ ಕಿತ್ತುಬರುತ್ತದೆ. ಹಸಿಗಾಯದ ಮೂಲಕ ನಂಜು ಒಳಸೇರುತ್ತದೆ. ಕಣ್ಣು ಮಬ್ಬಾಗಿರುವ ದಿನಗಳಲ್ಲಿ ಹಾವನ್ನು ಎತ್ತಿ ಆಡಿಸಲೂಬಾರದು. ಆಗಿನ್ನೂ ಎರಡು ಹಾಳೆಗಳು ಬೇರೆಯಾಗುತ್ತಿರುವ ಹೊತ್ತು. ಒತ್ತಿ ಹಿಡಿದರೆ ಪದರ ಅಲ್ಲಲ್ಲಿ ಹರಿದು ಮುಂದೆ ತುಂಡುತುಂಡಾಗಿ ಬರುತ್ತದೆ. ಆಗ ಆಹಾರ ಕೊಡಲು ಆತುರಪಡುವುದೂ ಬೇಡ.

ಮಾಡಬೇಕಾದದ್ದು ಹುತ್ತವನ್ನು ಮರಳಿ ಕೊಡುವುದು. ನಿಜವಾದ ಹುತ್ತವನ್ನು ಅಗೆದು ತರಬೇಕಾಗಿಲ್ಲ. ಒಂದು ಮುಚ್ಚಿದ ಡಬ್ಬಿ. ಹಾವು ಒಳಹೋಗುವಷ್ಟು ಬಾಯಿ, ಗಾಳಿಯಾಡಲು ಕೆಲವು ತೂತು. ಒಳಗೆ ನೆನೆಸಿ ಚೆನ್ನಾಗಿ ಹಿಂಡಿದ ತೆಂಗಿನ ನಾರಿನ ಪುಡಿ ಇಲ್ಲವೆ ಪಾಚಿ. ಇದನ್ನು ಪೆಟ್ಟಿಗೆಯ ಬೆಚ್ಚಗಿನ ಕಡೆಯಲ್ಲಿಟ್ಟರೆ ಹಾವು ತಾನಾಗಿಯೇ ಹುಡುಕಿಕೊಂಡು ಹೋಗಿ ಕೂರುತ್ತದೆ. ನಾರನ್ನು ಹಿಂಡಬೇಕೆಂದು ಒತ್ತಿ ಹೇಳಲು ಕಾರಣವಿದೆ. ತೇವ ಒಳ್ಳೆಯದೆಂದು ಇಡೀ ಪೆಟ್ಟಿಗೆಯನ್ನು ಕೆಸರುಗದ್ದೆ ಮಾಡಿ ಗಾಳಿಯನ್ನು ತಡೆದರೆ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆ ಎದ್ದು ಕೊಳೆಯುತ್ತವೆ. ಗೆದ್ದಲು ತೇವದೊಡನೆ ಗಾಳಿಯ ದಾರಿಯನ್ನೂ ಬಿಡುತ್ತದೆಂಬುದನ್ನು ಮರೆಯಬಾರದು. ಜೊತೆಗೆ, ಹಾವು ಮೈ ಮುಳುಗಿಸಿ ಕೂರುವಷ್ಟು ಅಗಲದ ನೀರಿನ ಪಾತ್ರೆ ಒಂದಿರಲಿ. ಮೂತಿ ಉಜ್ಜಲು ಹರಿತವಲ್ಲದ ಒರಟು ಕಲ್ಲೋ ಮರದ ಕೊರಡೋ ಇರಲಿ. ನುಣ್ಣನೆಯ ಗಾಜಿನ ಗೋಡೆಗೆ ಹಾವು ಎಷ್ಟು ಹೊತ್ತು ಮೂತಿ ತಿಕ್ಕಿದರೂ ಪೊರೆಯ ಅಂಚು ಸಿಕ್ಕದು.

ಬಹಳಷ್ಟು ಸಲ ಇಷ್ಟರಲ್ಲಿಯೇ ಒಂದೆರಡು ದಿನಗಳಲ್ಲಿ ಕೆಲಸವಾಗುತ್ತದೆ. ಆಗದಿದ್ದರೆ ಮುಂದಿನ ಹೆಜ್ಜೆ ನೆನೆಸುವುದು. ಪಾತ್ರೆಯಲ್ಲಿ ಹಾವಿನ ಮೈ ದಪ್ಪಕ್ಕಿಂತ ಹೆಚ್ಚಿಲ್ಲದಂತೆ ನೀರು ಹಾಕಬೇಕು. ತಲೆ ಎತ್ತಿ ಉಸಿರಾಡಲು ಅದಕ್ಕೆ ಶ್ರಮವಾಗಬಾರದು. ನೀರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ನಮ್ಮ ಕೈಗೆ ಹಿತವಾಗಿ ಬೆಚ್ಚಗಿದೆ ಎನ್ನಿಸಿದರೆ ಹಾವಿಗೆ ಅದು ಹೆಚ್ಚೇ. ತುಸು ತಣ್ಣಗೆನ್ನಿಸುವುದೇ ಸರಿ. ಇಪ್ಪತ್ತು ಮೂವತ್ತು ನಿಮಿಷ, ಪಕ್ಕದಲ್ಲಿಯೇ ಇದ್ದು ನೋಡಿಕೊಳ್ಳುತ್ತ ನೆನೆಸಿ, ಆಮೇಲೆ ಒದ್ದೆಯಾದ ಒರಟು ಟವೆಲನ್ನು ಎರಡು ಕೈಗಳಲ್ಲಿ ಸಡಿಲವಾಗಿ ಹಿಡಿದು ಅದರ ನಡುವೆ ಹಾವು ತಾನೇ ಹರಿದುಹೋಗುವಂತೆ ಬಿಡಬೇಕು. ಕೈ ಎಳೆಯಬಾರದು, ಹಾವು ಹರಿಯಬೇಕು. ಬಟ್ಟೆ ಇಲ್ಲಿ ಕಲ್ಲುಸಂದಿಯ ಕೆಲಸ ಮಾಡುತ್ತದೆ. ಬಿಡದ ತುಂಡನ್ನು ಅಂದೇ ಮುಗಿಸಿಬಿಡುತ್ತೇನೆಂಬ ಹಟ ಬೇಡ. ಮರುದಿನ ಮತ್ತೆ ನೆನೆಸಿದರಾಯಿತು. ಎಣ್ಣೆ, ಸಾಬೂನುಗಳ ಗೊಡವೆಗೆ ಹೋಗಬಾರದು.

ಎರಡು ಜಾಗಗಳಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು: ಬಾಲದ ತುದಿ, ಮತ್ತು ಕಣ್ಣು.

ಬಾಲದ ತುದಿಯಲ್ಲಿ ಉಳಿದ ಪೊರೆ ಒಣಗಿ ಕುಗ್ಗಿ ಉಂಗುರವಾಗುತ್ತದೆ. ಊದಿದ ಬೆರಳಿಗೆ ಸಿಕ್ಕಿಕೊಂಡ ಉಂಗುರದ ಕಷ್ಟ ಬಲ್ಲವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಒಂದು ಸಲದ ಉಂಗುರದ ಮೇಲೆ ಮುಂದಿನ ಸಲದ್ದು ಸೇರಿಕೊಳ್ಳುತ್ತದೆ. ರಕ್ತ ಹರಿಯುವುದು ನಿಂತು ತುದಿ ಕಪ್ಪಾಗಿ, ಕಡೆಗೆ ಒಣಗಿ ಬಿದ್ದೇಹೋಗುತ್ತದೆ. ಆದುದರಿಂದ ಪ್ರತಿಸಲವೂ ಬಿಟ್ಟ ಪೊರೆಯಲ್ಲಿ ಬಾಲದ ಮೊನೆ ಇದೆಯೆ ಎಂದು ನೋಡಬೇಕು. ಇಲ್ಲದಿದ್ದರೆ ನೆನೆಸುವುದನ್ನು ತಡಮಾಡಬಾರದು. ತುದಿ ಆಗಲೇ ಕಪ್ಪಾಗಿದ್ದರೆ ಅದು ಮನೆಯ ವೈದ್ಯದ ಕೆಲಸವಲ್ಲ.

ಕಣ್ಣಿನ ಮಾತು ಇದಕ್ಕೆ ತಿರುಗುಮುರುಗು. ಅಲ್ಲಿ ಆತುರವೇ ಶತ್ರು. ಉಳಿದುಕೊಂಡ ಕಣ್ಣುಗಾಜು ಸುಕ್ಕಾಗಿ, ಅಂಚು ಎದ್ದು, ಚಿಮುಟದಿಂದ ಎತ್ತಿದರೆ ಬಂದೇಬಿಡುತ್ತದೆಂಬಂತೆ ಕಾಣುತ್ತದೆ. ಅದರಡಿಯ ಹೊಸ ಗಾಜನ್ನೂ ಕಿತ್ತರೆ ಕಣ್ಣು ಬಯಲಿಗೆ ಬಿದ್ದು ಒಣಗಿ, ಕುರುಡಾಗುತ್ತದೆ. ಕೆಲವೊಮ್ಮೆ ಸುಕ್ಕಾಗಿ ಕಾಣುವ ಕಣ್ಣಿನಲ್ಲಿ ಉಳಿದ ಗಾಜೇ ಇರುವುದಿಲ್ಲ. ನೀರು ಕಡಿಮೆಯಾಗಿ ಇರುವ ಗಾಜೇ ಕುಗ್ಗಿರುತ್ತದೆ. ಹಾಗಿರುವಾಗ ಚಿಮುಟ ಹಾಕಿದವನು ಕೀಳುವುದು ಹಾವಿಗೆ ಇದ್ದ ಒಂದೇ ಗಾಜನ್ನು. ತೇವದ ಡಬ್ಬಿಯನ್ನು ಕೊಟ್ಟು, ನೀರು ಕೊಟ್ಟು, ಮುಂದಿನ ಪೊರೆಯವರೆಗೆ ಕಾಯುವುದು ಮೇಲು. ಸಾಮಾನ್ಯವಾಗಿ ಹಳೆಯದು ಹೊಸದರೊಡನೆ ಸೇರಿ ಬಂದುಬಿಡುತ್ತದೆ. ಎರಡು ಮೂರು ಸಲದ ಗಾಜು ಒಂದರ ಮೇಲೊಂದು ಕೂತಿದ್ದರೆ, ಕಣ್ಣು ಊದಿದ್ದರೆ, ಹಾವುಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಹೋಗಬೇಕು. ಪ್ರತಿಸಲವೂ ಪೊರೆ ಚೂರಾಗಿಯೇ ಬರುತ್ತಿದ್ದರೆ ಹುಡುಕಬೇಕಾದದ್ದು ಪೆಟ್ಟಿಗೆಯ ತಪ್ಪನ್ನು, ಆಮೇಲೆ ಹಾವಿನ ರೋಗವನ್ನು. ಬಾಲ್ ಪೈಥಾನಿನಂಥ ಹಾವಿಗೆ ಗಾಳಿಯಲ್ಲಿ ನೂರಕ್ಕೆ ಅರವತ್ತರಷ್ಟಾದರೂ ತೇವ ಬೇಕು. ಇಡೀ ದಿನ ಫ್ಯಾನು ತಿರುಗುವ ನಗರದ ಕೋಣೆ ಅದಕ್ಕೆ ಮರುಭೂಮಿ.

ಇಷ್ಟು ಪೆಟ್ಟಿಗೆಯ ಹಾವಿನ ಮಾತಾಯಿತು. ಈ ಭಾಷಣ ಕೇಳುವ ಹೆಚ್ಚಿನವರ ಮನೆಯಲ್ಲಿ ಗಾಜಿನ ಪೆಟ್ಟಿಗೆ ಇರಲಾರದು, ಹಿತ್ತಲಂತೂ ಇದ್ದೀತು. ಬೇಸಗೆಯ ಕೊನೆಯಲ್ಲಿ ಬಚ್ಚಲ ನೀರು ಹರಿದು ತೇವವಾದ ಕಡೆ, ಸೌದೆಯ ರಾಶಿಯ ಕೆಳಗೆ, ಬಾಳೆಯ ಬುಡದಲ್ಲಿ ಮಂಕಾಗಿ ಮಲಗಿದ ಹಾವು ಕಂಡರೆ, ಕಣ್ಣು ನೀಲಿಯಾಗಿದ್ದರೆ, ಅದು ಅಲ್ಲಿಗೆ ಬಂದದ್ದು ನಿಮಗಾಗಿ ಅಲ್ಲ, ನಿಮ್ಮ ಬಚ್ಚಲ ತೇವಕ್ಕಾಗಿ. ಅದನ್ನು ಕೋಲಿನಿಂದ ಕೆಣಕಬಾರದು. ಮಬ್ಬುಗಣ್ಣಿನ ನಾಗರವೋ ಕೊಳಕುಮಂಡಲವೋ ಆಗಿದ್ದರೆ ನೆರಳು ಆಡಿದ ಕಡೆಗೆಲ್ಲ ಬುಸುಗುಟ್ಟಿ ಕಚ್ಚಲು ಬಂದೀತು. ಮಕ್ಕಳನ್ನೂ ದನಕರುವನ್ನೂ ದೂರವಿಟ್ಟು, ಓಡಾಡುವ ದಾರಿಯಲ್ಲಿದ್ದರೆ ಅರಣ್ಯ ಇಲಾಖೆಯವರಿಗೋ ಅವರ ಒಪ್ಪಿಗೆ ಪಡೆದ ಹಾವು ಹಿಡಿಯುವವರಿಗೋ ತಿಳಿಸಬೇಕು. ದಾರಿಯಿಂದ ದೂರವಿದ್ದರೆ ಸುಮ್ಮನೆ ಬಿಟ್ಟುಬಿಡಬಹುದು. ಅದರ ಮೈಯ ಪೊರೆಗೆ ನಾವು ಕೈಹಾಕಬೇಕಾದ್ದು ಏನೂ ಇಲ್ಲ. ಹಿತ್ತಲ ಕೊನೆಯಲ್ಲಿರುವ ಹುತ್ತವನ್ನು ಈ ಹೆದರಿಕೆಯಿಂದ ಅಗೆಸಿಹಾಕುವವರುಂಟು. ಹಾಗೆ ಅಗೆಸಿದರೆ ತೇವದ ಗೂಡು ಕಳೆದುಕೊಂಡ ಹಾವು ಬಚ್ಚಲಿಗೆ ಇನ್ನಷ್ಟು ಹತ್ತಿರ ಬರುವುದೇ ಹೆಚ್ಚು.

ನಾಲ್ಕಾರು ದಿನ ಕಳೆದ ಮೇಲೆ, ಹಾವು ಹೋಯಿತೆಂದು ಖಾತ್ರಿಯಾದಾಗ, ಸೌದೆಯ ಸಂದಿಯನ್ನೊಮ್ಮೆ ನೋಡಿ. ಪೊರೆ ಸಿಕ್ಕರೆ ತಲೆಯ ಭಾಗವನ್ನು ಬೆಳಕಿಗೆ ಹಿಡಿದು ಎರಡು ಕಣ್ಣುಗಾಜುಗಳೂ ಇವೆಯೆ ಎಂದು ಎಣಿಸಿ. ಬಾಲದ ಮೊನೆ ಇದೆಯೆ ನೋಡಿ. ಆಮೇಲೆ ಕೈ ತೊಳೆದುಕೊಳ್ಳಿ. ಪೊರೆಯನ್ನು ಅಲ್ಲಿಯೇ ಬೇಲಿಯ ಮೇಲೆ ಬಿಟ್ಟರಾಯಿತು. ಗೊರವಂಕಗಳು ಗೂಡು ಕಟ್ಟುವಾಗ ಹುಲ್ಲುಕಡ್ಡಿಗಳ ಜೊತೆಗೆ ಹಾವಿನ ಪೊರೆಯನ್ನೂ ಎತ್ತಿಕೊಂಡು ಹೋಗುವುದುಂಟು.